ಎಂಬತ್ತು ಗ್ರಾಂ

ಕಾಂಗರೂ ಕೋಣೆಯ ಉಸ್ತುವಾರಿ ನನಗೆ ಸಿಕ್ಕಿಲ್ಲ ಎಂಬುದು ಗೊತ್ತಾದದ್ದು ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದ ಡ್ಯೂಟಿ ಪಟ್ಟಿಯಿಂದ. ಯಾರೂ ಕರೆದು ಹೇಳಲಿಲ್ಲ. ಪಟ್ಟಿಯಲ್ಲಿ ನನ್ನ ಹೆಸರು ಹಿಂದಿನ ಹಾಗೆಯೇ ನವಜಾತ ಶಿಶು ವಾರ್ಡಿನ ಮುಂದಿತ್ತು. ಅದರ ಕೆಳಗೆ ಹೊಸದಾಗಿ ಸೇರಿಸಿದ ಸಾಲಿನಲ್ಲಿ, ಕೆಲಸಕ್ಕೆ ಸೇರಿ ಮೂರು ವರ್ಷವೂ ತುಂಬದ ನರ್ಸ್ ಹುಡುಗಿಯೊಬ್ಬಳ ಹೆಸರಿತ್ತು.

ಆಂಧ್ರದ ಗಡಿಯ ಆದೋನಿಯ ನಮ್ಮ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಆ ಕೋಣೆ ಬೇಕು ಎಂದು ನಾಲ್ಕು ವರ್ಷ ಅರ್ಜಿ ಬರೆದವಳು ನಾನು. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ ಕೂಸುಗಳು ಮೊದಲು ನನ್ನ ವಾರ್ಡಿಗೆ ಬರುತ್ತವೆ. ಮೇಲಿನಿಂದ ಬಿಸಿ ಕೊಡುವ ವಾರ್ಮರ್ ಮಂಚದ ಮೇಲೆ ಅವನ್ನು ಇಡುತ್ತೇವೆ. ಉಸಿರಾಟ ಒಂದು ಹದಕ್ಕೆ ಬಂದ ಮೇಲೆ ಅವಕ್ಕೆ ಯಂತ್ರಕ್ಕಿಂತ ತಾಯಿಯ ಮೈ ಬೇಕು. ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಮಿಕ್ಕ ಬಟ್ಟೆ ತೆಗೆದು, ಕಾಂಗರೂ ಮರಿಯ ಹಾಗೆ ತಾಯಿಯ ಬರಿ ಎದೆಗೆ ಕೂಸನ್ನು ಆನಿಸಿ, ಅಗಲವಾದ ಬಟ್ಟೆಯಿಂದ ಕಟ್ಟಬೇಕು. ಹಗಲೆಲ್ಲ ಹಾಗೆಯೇ ಇರಬೇಕು. ಅದಕ್ಕೆ ಒರಗುವ ಕುರ್ಚಿಗಳು, ಪರದೆ, ಬೆಚ್ಚಗಿನ ಕೋಣೆ ಬೇಕು. ಹಾಸಿಗೆ ಬಟ್ಟೆ ಇಡುತ್ತಿದ್ದ ಹಳೆಯ ಲಿನನ್ ಕೋಣೆಯನ್ನು ತೋರಿಸಿ, ಇದಕ್ಕೆ ಮಧ್ಯಾಹ್ನದ ಬಿಸಿಲು ಬೀಳುತ್ತದೆ, ಇದೇ ಸರಿ ಎಂದು ಅಳತೆ ಹಿಡಿದವಳೂ ನಾನೇ.

ಉಸ್ತುವಾರಿ ಸಿಕ್ಕ ಹುಡುಗಿ ಪೆದ್ದಕಡುಬೂರಿನವಳು. ಅಪ್ಪ ಕುರಿ ಸಾಕುವವರು. ನಾನು ಪೂಜಾರಿಕೆಯ ಮನೆಯಲ್ಲಿ ಹುಟ್ಟಿದವಳು. ಇಪ್ಪತ್ತೆರಡು ವರ್ಷದ ಸರ್ವೀಸಿನ ಮೇಲೂ ಹಳ್ಳಿಯ ಬಾಣಂತಿಯರು ನನ್ನ ಮುಂದೆ ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದರು. ಆಕೆಯ ಮುಂದೆ ನಗುತ್ತಿದ್ದರು. ಆಕೆ ಅವರ ಮಂಚದ ಮೇಲೆಯೇ ಕೂತು ಒಂದೇ ಮಾತಿನಲ್ಲಿ ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ಹೊರಳುತ್ತಿದ್ದಳು. ಎಂಥ ಬಿಗಿದ ಹೆಂಗಸೂ ಹತ್ತು ನಿಮಿಷದಲ್ಲಿ ಆಕೆಗೆ ಅತ್ತೆಯ ಕತೆ ಹೇಳುತ್ತಿದ್ದಳು. ಅದನ್ನು ನೋಡಿದಾಗೆಲ್ಲ ನಾನು ಸಹಿಸಲಾಗದೆ ಅಲ್ಲಿಂದ ಹೊರಟುಬಿಡುತ್ತಿದ್ದೆ. ಅದಕ್ಕೆ ಬೇರೆ ಹೆಸರು ಕೊಡಲು ಆಗ ಪ್ರಯತ್ನಪಟ್ಟಿದ್ದೆ: ಶಿಸ್ತಿಲ್ಲ, ಅನುಭವವಿಲ್ಲ, ರೋಗಿಗಳ ಹತ್ತಿರ ಸಲಿಗೆ ಜಾಸ್ತಿ. ಅದು ಬರೀ ಹೊಟ್ಟೆಕಿಚ್ಚು.

ಕೋಣೆ ತೆರೆದ ಮೊದಲ ವಾರ ನನ್ನ ವಾರ್ಡಿನಿಂದ ಮೂರು ಕೂಸುಗಳನ್ನು ಅಲ್ಲಿಗೆ ಕಳಿಸಿದೆವು. ಸಾಮಾನ್ಯವಾಗಿ ಮಧ್ಯಾಹ್ನ ಕಳಿಸುತ್ತಿದ್ದೆವು. ತೂಗುವುದು ಮಾತ್ರ ಬೆಳಿಗ್ಗೆ, ಹಾಲು ಕುಡಿಸುವ ಮೊದಲು, ಬರಿಮೈಯಲ್ಲಿ. ಮೊದಲ ಕೂಸು ನನ್ನ ವಾರ್ಡಿನ ಕೊನೆಯ ಬೆಳಿಗ್ಗೆ ಒಂದು ಸಾವಿರದ ಐನೂರ ಇಪ್ಪತ್ತು ಗ್ರಾಂ ಇತ್ತು. ಮಾರನೆಯ ಬೆಳಿಗ್ಗೆ ಕಾಂಗರೂ ಕೋಣೆಯಲ್ಲಿ ಒಂದು ಸಾವಿರದ ನಾನೂರ ನಲವತ್ತು. ಒಂದೇ ದಿನಕ್ಕೆ ಎಂಬತ್ತು ಗ್ರಾಂ ಇಳಿದಿತ್ತು. ಆ ತೂಕದ ಕೂಸು ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಗ್ರಾಂ ಏರಬೇಕು. ಎರಡನೆಯದೂ ಹಾಗೇ ಆಯಿತು. ಮೂರನೆಯದೂ.

ನನಗೆ ಸಂತೋಷವಾಯಿತು. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ಆದದ್ದು ಅದೇ. ಮೂರನೆಯ ಕೂಸಿನ ಚಾರ್ಟು ನೋಡಿದಾಗ ಮೊದಲು ಬಂದದ್ದು ಕೂಸಿನ ಚಿಂತೆಯಲ್ಲ. "ನೋಡು, ಆಗ್ಲಿಲ್ಲ ಆಕಿ ಕೈಲಿ" ಎಂಬ ಮಾತು.

ಆಕೆ ಮಾತ್ರ ಕಂಗಾಲಾದಳು. ಕಿಟಕಿಯ ಸಂದುಗಳಿಗೆ ಹತ್ತಿ ತುರುಕಿದಳು. ಎರಡು ಗಂಟೆಗೊಮ್ಮೆ ಹಾಲು ಕುಡಿಸುವಾಗ ತಾನೇ ಪಕ್ಕದಲ್ಲಿ ಕೂತು, ತಾಯಿ ಹಿಂಡಿದ ಹಾಲನ್ನು ಅಳೆದು, ಒಳಲೆಯಲ್ಲಿ ಹನಿಹನಿಯಾಗಿ ಬಾಯಿಗೆ ಬಿಡಿಸಿದಳು. ತೂಕ ಅಲ್ಲಿಂದ ಮುಂದೆ ದಿನಾ ಏರುತ್ತಿತ್ತು, ಆದರೆ ಆ ಮೊದಲ ದಿನದ ಕುಸಿತಕ್ಕೆ ಕಾರಣ ಸಿಗಲಿಲ್ಲ. ಒಂದು ಬೆಳಿಗ್ಗೆ ನನ್ನ ವಾರ್ಡಿನ ಬಾಗಿಲಿಗೆ ಬಂದಳು.

"ಅಕ್ಕಾ, ನಮ್ಮ ತೂಕದ ಮಿಷನ್ ಹೊಸಾದು. ಅದೇ ತಪ್ಪು ತೋರಿಸ್ತೈತೇನೋ ಅಂತ ಅನುಮಾನ. ಈ ಕೂಸಿನ್ನ ನಿಮ್ಮದರಾಗ ಒಂದ್ಸಲ ತೂಗ್ಲೇನ್ರಿ?"

"ಹೊರಗ ಹೋದ ಕೂಸು ತಿರುಗಿ ಒಳಗ ಬರಬಾರದು. ಇನ್ಫೆಕ್ಷನ್ ಆಗ್ತದ. ಅಷ್ಟೂ ಕಲಿಸಿಲ್ಲೇನು ನಿಮಗ?" ಎಂದೆ.

ನಿಯಮ ನಿಜವೇ. ಆದರೆ ನನ್ನ ಯಂತ್ರವನ್ನು ತಳ್ಳುಗಾಡಿಯಲ್ಲಿಟ್ಟು ಇಪ್ಪತ್ತು ಹೆಜ್ಜೆ ಆಚೆ ಕಳಿಸಬಹುದಿತ್ತು. ಅದು ನನಗೂ ಹೊಳೆದಿತ್ತು. ಆಕೆ "ಆಯ್ತಕ್ಕಾ" ಎಂದು ಕೂಸನ್ನು ಎದೆಗವಚಿಕೊಂಡು ಹೋದಳು.

ಅದೇ ದಿನ ಆಸ್ಪತ್ರೆಯ ಮುಖ್ಯಸ್ಥರಿಗೆ ಎರಡು ಪುಟದ ವರದಿ ಬರೆದೆ. ಕಾಂಗರೂ ಕೋಣೆ ಬೆಚ್ಚಗಿಲ್ಲ, ಹಾಲು ಕುಡಿಸುವ ಕ್ರಮ ಸಡಿಲವಿದೆ, ಮೂರಕ್ಕೆ ಮೂರು ಕೂಸುಗಳ ತೂಕ ಇಳಿದಿದೆ. ಆದ್ದರಿಂದ ಸದ್ಯಕ್ಕೆ ಕೋಣೆಯನ್ನು ಮುಚ್ಚಿ, ಮುಂದೆ ನವಜಾತ ವಾರ್ಡಿನ ಕೈಕೆಳಗೆ ತೆರೆಯಬೇಕು. ನನ್ನ ಕೈಕೆಳಗೆ ಎಂದು ಬರೆಯಲಿಲ್ಲ, ಅಷ್ಟೇ. ಗುರುವಾರ ಮೀಟಿಂಗ್ ಇಟ್ಟರು.

ಆ ನಡುವೆ ನಾಗಲದಿನ್ನೆಯ ಕೂಸಿನ ಸರದಿ ಬಂತು. ಹೆಣ್ಣು ಕೂಸು, ಮೊದಲ ಹೆರಿಗೆ, ತಾಯಿಗೆ ಇಪ್ಪತ್ತು ವರ್ಷ. ವಾರ್ಮರಿನಿಂದ ಇಳಿಸಿದ ಮೇಲೆ ಅದು ಕಾಂಗರೂ ಕೋಣೆಗೆ ಹೋಗಬೇಕಿತ್ತು. ನಮ್ಮಲ್ಲಿ ಮನೆಗೆ ಕಳಿಸುವ ಗೆರೆ ಒಂದು ಸಾವಿರದ ಆರುನೂರು, ಅದೂ ಮೂರು ದಿನ ಬಿಡದೆ ಏರಿದ್ದರೆ. ಸೋಮವಾರ ಬೆಳಿಗ್ಗೆ ನನ್ನ ಯಂತ್ರ ಒಂದು ಸಾವಿರದ ಆರುನೂರ ಇಪ್ಪತ್ತು ತೋರಿಸಿತು. ಮೂರು ದಿನ ಏರಿತ್ತು. ಇನ್ನೊಂದು ವಾರ ತಾಯಿಯ ಎದೆಯ ಮೇಲೆ ಇರಲಿ ಎಂದು ಬೇರೆ ಹೊತ್ತಿನಲ್ಲಾಗಿದ್ದರೆ ನಾನೇ ಹೇಳುತ್ತಿದ್ದೆ. ಆದರೆ ಕಳಿಸಿದರೆ ಆಕೆಯ ಕೋಣೆಗೆ ಕಳಿಸಬೇಕಿತ್ತು. ಅಲ್ಲಿ ಅದು ಚೆನ್ನಾಗಿ ಬೆಳೆದರೆ ನನ್ನ ವರದಿಗೆ ಬೆಲೆಯಿರುತ್ತಿರಲಿಲ್ಲ. ಡಾಕ್ಟರ ಮುಂದೆ ಚಾರ್ಟು ಹಿಡಿದು, "ಕೂಸು ಚಲೋ ಅದ ಸರ್, ಮನೀಗೆ ಕಳಿಸಬಹುದು" ಎಂದೆ. ನನ್ನ ಮಾತಿನ ಮೇಲೆ ಅವರಿಗೆ ನಂಬಿಕೆಯಿತ್ತು. ಸಹಿ ಹಾಕಿದರು.

ಬುಧವಾರ ಬೆಳಿಗ್ಗೆ ಅದೇ ಮಕ್ಕಳ ಡಾಕ್ಟರು ನನ್ನನ್ನು ಕರೆದರು. ಕರಾವಳಿ ಆಂಧ್ರದವರು, ತೆಲುಗಿನಲ್ಲೇ ಮಾತು. ಮೂರು ಕೂಸುಗಳೂ ಒಂದೇ ತರಹ ಇಳಿದಿವೆ ಎಂದರೆ ಯಂತ್ರವನ್ನೂ ನೋಡಬೇಕಲ್ಲವೇ, ಮೀಟಿಂಗಿಗೆ ಮುಂಚೆ "ಆ ಅಮ್ಮಾಯಿ ಮಿಷನ್ ಒಕಸಾರಿ ಚೆಕ್ ಚೇಯಂಡಿ" ಎಂದರು. ಆ ಹುಡುಗಿಯ ಯಂತ್ರವನ್ನು ಒಮ್ಮೆ ಪರೀಕ್ಷಿಸಿ ಎಂದು. ನನಗೆ ಇದಕ್ಕಿಂತ ಹಿತವಾದ ಕೆಲಸ ಇರಲಿಲ್ಲ. ಯಂತ್ರ ತಪ್ಪಿದ್ದರೆ ನೋಡಿಕೊಳ್ಳದ ತಪ್ಪು ಆಕೆಯದು. ಸರಿಯಿದ್ದರೆ ಕೂಸುಗಳು ನಿಜವಾಗಿಯೂ ಇಳಿದಿವೆ.

ಪರೀಕ್ಷೆಗೆ ಗೊತ್ತಾದ ತೂಕವೊಂದು ಬೇಕು. ನನ್ನ ಯಜಮಾನರು ಹತ್ತಿ ಮಿಲ್ಲಿನಲ್ಲಿ ಗುಮಾಸ್ತರು. ಫೋನ್ ಮಾಡಿದೆ. ಸರಕಾರದ ಮುದ್ರೆ ಬಿದ್ದ ಒಂದು ಕಿಲೋದ ಕಬ್ಬಿಣದ ತೂಕದ ಬಟ್ಟನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದು ಕೊಟ್ಟರು.

"ಏನು, ಕೂಸುಗಳನ್ನ ಬಿಟ್ಟು ಬೆಲ್ಲ ಮಾರಲಿಕ್ಕೆ ಹತ್ತೀರೇನು?" ಎಂದು ನಕ್ಕರು. ನಾನು ನಗಲಿಲ್ಲ.

ಬಟ್ಟನ್ನು ಸ್ಪಿರಿಟ್ಟಿನಿಂದ ಒರೆಸಿ, ಶುದ್ಧವಾದ ಬಟ್ಟೆಯಲ್ಲಿ ಸುತ್ತಿ ಕಾಂಗರೂ ಕೋಣೆಗೆ ಹೋದೆ. ಆಕೆ ಒಬ್ಬ ತಾಯಿಗೆ ಕಟ್ಟು ಬಿಗಿಯುತ್ತಿದ್ದಳು. ಯಂತ್ರದ ಮೇಲೆ ಅಂಥದೇ ಇನ್ನೊಂದು ಬಟ್ಟೆ ಹಾಸಿ, ಸೊನ್ನೆಗೆ ತಂದು, ಸುತ್ತು ಬಿಚ್ಚಿ ಬಟ್ಟು ಇಟ್ಟೆ. ಒಂದು ಸಾವಿರ. ತೆಗೆದು ಮತ್ತೆ ಇಟ್ಟೆ. ಒಂದು ಸಾವಿರ. ಮೂರನೆಯ ಸಲವೂ ಒಂದು ಸಾವಿರ. "ಮಿಷನ್ ಸರಿ ಅದ" ಎಂದು ಆಕೆಗೆ ಕೇಳುವಂತೆ ಹೇಳಿದೆ. ಆಕೆಯ ಮುಖ ಬಿಳಿಚಿತು.

ವಾರ್ಡಿಗೆ ಬಂದು ವರದಿಗೆ ಒಂದು ಸಾಲು ಸೇರಿಸಲು ಕೂತೆ. ಹೋಲಿಕೆಗೆ ನನ್ನ ಯಂತ್ರದ ಅಂಕಿಯೂ ಪಕ್ಕದಲ್ಲಿದ್ದರೆ ಓದುವವರಿಗೆ ಅನುಮಾನವಿರುವುದಿಲ್ಲ ಎನಿಸಿತು. ಬಟ್ಟನ್ನು ನನ್ನ ಯಂತ್ರದ ಮೇಲಿಟ್ಟೆ.

ಒಂದು ಸಾವಿರದ ಐವತ್ತೈದು.

ಮೇಜು ಓರೆಯಾಗಿದೆ ಎಂದುಕೊಂಡೆ. ಯಂತ್ರವನ್ನು ಎತ್ತಿ ನೆಲದ ಮೇಲಿಟ್ಟು ತೂಗಿದೆ. ಐವತ್ತೈದು. ಸೆಲ್ ಬದಲಿಸಿದೆ. ಐವತ್ತೈದು. ಕಾಗದ ತೆಗೆದು ಲೆಕ್ಕ ಮಾಡಿದೆ: ಕಿಲೋಗೆ ಐವತ್ತೈದು ಜಾಸ್ತಿಯಾದರೆ ಒಂದೂವರೆ ಕಿಲೋಗೆ ಎಂಬತ್ತರ ಆಸುಪಾಸು. ಮೂರು ಕೂಸುಗಳೂ ಆಕೆಯ ಕೋಣೆಯಲ್ಲಿ ಒಂದು ಗ್ರಾಮನ್ನೂ ಕಳೆದುಕೊಂಡಿರಲಿಲ್ಲ. ಆ ತೂಕ ಅವಕ್ಕೆ ಎಂದೂ ಇರಲೇ ಇಲ್ಲ.

ಒಂದು ತಿಂಗಳ ಹಿಂದೆ ನನ್ನ ಯಂತ್ರ ತಳ್ಳುಗಾಡಿಯಿಂದ ಬಿದ್ದಿತ್ತು. ರಿಪೇರಿಯವನು ಬಿಚ್ಚಿ, ಜೋಡಿಸಿ, ದೀಪ ಹತ್ತಿದ್ದನ್ನು ತೋರಿಸಿ ಹೋಗಿದ್ದ. ಆ ಗಡಿಬಿಡಿಯಲ್ಲಿ ವಾರ್ಡಿನ ಪರೀಕ್ಷೆಯ ಬಟ್ಟು ಎಲ್ಲೋ ಕಳೆದುಹೋಗಿತ್ತು. ಪ್ರತಿ ಸೋಮವಾರ ಯಂತ್ರದ ಮೇಲೆ ಬಟ್ಟು ಇಟ್ಟು ನೋಡಿ ಸಹಿ ಹಾಕುವ ಪಟ್ಟಿ ಗೋಡೆಯ ಮೇಲಿದೆ. ನಾಲ್ಕು ಸೋಮವಾರ ತೂಗದೆ ಸಹಿ ಹಾಕಿದ್ದೆ. ಹೆರಿಗೆ ಕೋಣೆಯ ಯಂತ್ರದಲ್ಲಿ ತೂಗಿ ಬರುವ ಕೂಸು ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಸಹಜ. ಆ ತಿಂಗಳು ನನ್ನ ವಾರ್ಡಿನಲ್ಲಿ ಇಳಿತ ಕಡಿಮೆ ಎಂದು ಹೆಮ್ಮೆಪಟ್ಟಿದ್ದೆ. ನಾಲ್ಕು ಜನರ ಮುಂದೆ ಹೇಳಿಯೂ ಇದ್ದೆ.

ಆಗ ವಾರ್ಡಿನಲ್ಲಿ ನನ್ನನ್ನು ನೋಡುವವರು ಯಾರೂ ಇರಲಿಲ್ಲ. ಜೊತೆಯ ನರ್ಸ್ ಆಚೆ ತುದಿಯಲ್ಲಿ ಡ್ರಿಪ್ ಬದಲಿಸುತ್ತಿದ್ದಳು. ರಿಪೇರಿಯವನ ನಂಬರು ನನ್ನ ಫೋನಿನಲ್ಲೇ ಇತ್ತು. ಸಂಜೆಯೊಳಗೆ ಸದ್ದಿಲ್ಲದೆ ಸರಿಮಾಡಿಸಬಹುದಿತ್ತು. ನಾಳೆ ಮೀಟಿಂಗಿನಲ್ಲಿ ಆಕೆಯ ಯಂತ್ರ ಸರಿಯಿದೆ ಎಂಬ ಸತ್ಯವನ್ನೇ ಹೇಳಬಹುದಿತ್ತು, ಕೋಣೆ ಮುಚ್ಚುತ್ತಿತ್ತು, ಮುಂದೆ ನನ್ನದಾಗುತ್ತಿತ್ತು. ಇದನ್ನೆಲ್ಲ ನಾನು ಯೋಚಿಸಿದೆ. ಎಷ್ಟು ಹೊತ್ತು ಎಂದು ಹೇಳಲಾರೆ, ಆದರೆ ಯೋಚಿಸಿದೆ.

ನಾಗಲದಿನ್ನೆಯ ಕೂಸು ನೆನಪಾದದ್ದು ಆಮೇಲೆ. ಒಂದು ಸಾವಿರದ ಆರುನೂರ ಇಪ್ಪತ್ತು. ಕಾಗದದ ಮೇಲೆ ಭಾಗಿಸಿದೆ. ಒಂದು ಸಾವಿರದ ಐನೂರ ಮೂವತ್ತೈದು. ಮನೆಗೆ ಕಳಿಸುವ ತೂಕವೇ ಅಲ್ಲ.

ಡಿಸ್ಚಾರ್ಜ್ ಪುಸ್ತಕದಲ್ಲಿದ್ದ ಅಪ್ಪನ ನಂಬರಿಗೆ ಮಾಡಿದರೆ ಸ್ವಿಚ್ ಆಫ್. ಊರಿನ ಆಶಾ ಕಾರ್ಯಕರ್ತೆ ಫೋನ್ ಎತ್ತಿದಳು. ಬೆಳಿಗ್ಗೆಯೇ ಆ ಮನೆಗೆ ಹೋಗಿ ಬಂದಿದ್ದಳು.

"ಕೂಸು ಚೆನ್ನಾಗೈತ್ರಿ ಸಿಸ್ಟರಮ್ಮ. ಬಲು ಸಾಧು. ಅಳಂಗೇ ಇಲ್ಲ. ಬರೇ ಮಲಗಿರತೈತಿ, ಹಾಲಿಗೂ ಏಳವಲ್ದು ಅಂತಾಳ ತಾಯಿ."

ಸಣ್ಣ ಕೂಸು ಅಳದಿದ್ದರೆ ಮನೆಯವರಿಗೆ ನೆಮ್ಮದಿ. ನಮಗೆ ಅಲ್ಲ. ಮೈ ತಣ್ಣಗಾದ, ರಕ್ತದಲ್ಲಿ ಸಕ್ಕರೆ ಇಳಿದ ಕೂಸು ಮೊದಲು ಬಿಡುವುದೇ ಅಳುವನ್ನು.

ಬಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಕಾಂಗರೂ ಕೋಣೆಗೆ ನಡೆದೆ. ಡಾಕ್ಟರೂ ರೌಂಡ್ಸಿಗೆಂದು ಅಲ್ಲೇ ಇದ್ದರು. ಇಬ್ಬರ ಮುಂದೆಯೂ ಹೇಳಿದೆ. ನನ್ನ ಯಂತ್ರ ಜಾಸ್ತಿ ತೋರಿಸುತ್ತಿದೆ. ಸೋಮವಾರದ ಸಹಿಗಳು ಸುಳ್ಳು. ಈಕೆಯ ಕೂಸುಗಳು ಇಳಿದಿಲ್ಲ. ನಾಗಲದಿನ್ನೆಯದನ್ನು ಇಲ್ಲಿಗೆ ಕಳಿಸದೆ ಮನೆಗೆ ಕಳಿಸಿದ್ದು ನಾನೇ, ಬೇಕೆಂದೇ. ಡಾಕ್ಟರು ಬೈಯಲಿಲ್ಲ. ಆಸ್ಪತ್ರೆಯ ಗಾಡಿಗೆ ಚೀಟಿ ಬರೆದು ನನ್ನ ಕೈಗಿಟ್ಟು, "ಮೊದಲು ಕೂಸು. ಮಿಕ್ಕದ್ದು ನಾಳೆ" ಎಂದು ತೆಲುಗಿನಲ್ಲಿ ಹೇಳಿದರು. ಆಕೆ ಆಗಲೇ ಚೀಲ ತುಂಬುತ್ತಿದ್ದಳು: ಟೋಪಿ, ಕಾಲುಚೀಲ, ಕಟ್ಟುವ ಬಟ್ಟೆ, ಥರ್ಮಾಮೀಟರು, ಸಕ್ಕರೆ ನೋಡುವ ಯಂತ್ರ, ಹಾಲಿನ ಸಣ್ಣ ನಳಿಗೆ, ಒಳಲೆ.

"ನಾನೂ ಬರ್ತೀನ್ರಿ" ಎಂದಳು. ಅಕ್ಕಾ ಎನ್ನಲಿಲ್ಲ.

ಎಮ್ಮಿಗನೂರು ದಾಟಿ ನಾಗಲದಿನ್ನೆ ಮುಟ್ಟಿದೆವು. ಆಶಾ ಕಾರ್ಯಕರ್ತೆ ರಸ್ತೆಯಲ್ಲೇ ಕಾದಿದ್ದಳು. ಮನೆಯ ನಡುಕೋಣೆಯಲ್ಲಿ ಕೂಸನ್ನು ಹಳೆ ಸೀರೆಯ ಮೂರು ಸುತ್ತಿನಲ್ಲಿ ಸುತ್ತಿ, ಚಾಪೆಯ ಮೇಲೆ ಮಲಗಿಸಿದ್ದರು. ಮುಖ ಶಾಂತವಾಗಿತ್ತು. ಪಾದ ಮುಟ್ಟಿದೆ, ತಣ್ಣಗೆ. ಹೊಟ್ಟೆ ಮುಟ್ಟಿದೆ, ಅದೂ ತಣ್ಣಗೆ. ಕಂಕುಳಲ್ಲಿ ಥರ್ಮಾಮೀಟರು ಮೂವತ್ತೈದು ದಾಟಲಿಲ್ಲ. ಸಕ್ಕರೆಯೂ ಕಡಿಮೆ. ಅಂಗಾಲು ತಟ್ಟಿದರೆ ಕಣ್ಣು ತೆರೆದು ಮತ್ತೆ ಮುಚ್ಚಿತು.

ಆಕೆ ತಾಯಿಯಿಂದ ಹಾಲು ಹಿಂಡಿಸಿ, ಒಳಲೆಯಿಂದ ಒಂದು ಹನಿ ತುಟಿಗೆ ಬಿಟ್ಟು ನೋಡಿದಳು. "ನುಂಗವಲ್ದು. ನೀವು ನಳಿಗಿ ಹಾಕ್ರಿ" ಎಂದಳು. ಆ ಕೆಲಸ ನನ್ನದು. ಬಾಯಿಯ ಮೂಲಕ ಹೊಟ್ಟೆಗೆ ನಳಿಗೆ ಇಳಿಸಿ, ಸ್ವಲ್ಪ ಗಾಳಿ ಬಿಟ್ಟು, ಸ್ಟೆಥಾಸ್ಕೋಪಿನಲ್ಲಿ ಸದ್ದು ಕೇಳಿ, ಸಿರಿಂಜನ್ನು ಎತ್ತಿ ಹಿಡಿದು ಹಾಲನ್ನು ತಾನಾಗಿಯೇ ಇಳಿಯಲು ಬಿಟ್ಟೆ. ನಳಿಗೆ ಮೊದಲ ಸಲಕ್ಕೇ ಸರಿಯಾಗಿ ಇಳಿದಿತ್ತು. ಆ ಒಂದು ವಿಷಯಕ್ಕೆ ಇಂದಿಗೂ ಋಣಿ.

ಅಷ್ಟರಲ್ಲಿ ಆಕೆಗೂ ಬಾಣಂತಿಯ ಅತ್ತೆಗೂ ಮಾತು ನಡೆದಿತ್ತು. ಸೊಸೆ ಕುಪ್ಪಸ ಬಿಚ್ಚಿ ಬರಿಮೈಗೆ ಕೂಸನ್ನು ಕಟ್ಟಿಕೊಂಡು ಗಾಡಿ ಹತ್ತುವುದಕ್ಕೆ ಅತ್ತೆ ಒಪ್ಪಲಿಲ್ಲ.

"ಗಂಡಸರು ಅದಾರ ಹೊರಗ. ಏನಂದಾರು? ಕೂಸಿಗೆ ಇನ್ನೊಂದು ದುಪ್ಪಟಿ ಹೊದಿಸಿದ್ರ ಸಾಲದೇನು?"

"ಅತ್ತೀ, ನೀವು ಕುರಿ ಮೇಯಿಸ್ತೀರಲ್ಲ. ಆಗಷ್ಟೇ ಹುಟ್ಟಿದ ಮರಿ ಥಂಡಿಗೆ ಬಿದ್ರ ಏನ್ ಮಾಡ್ತೀರಿ? ದುಪ್ಪಟಿ ಹೊದಿಸಿ ಬಿಟ್ಟುಬರ್ತೀರೇನು?"

"ಎದ್ಯಾಗ ಇಟ್ಗಂಡು ಮ್ಯಾಲೆ ಕಂಬಳಿ ಹೊದಿತೀವಿ."

"ಮತ್ತ? ಇದೂ ಮರಿನೇ. ಮೈ ಕಾವು ಬೇಕು ಇದಕ್ಕ. ನಾನು ಸೀರಿ ಅಡ್ಡ ಹಿಡಿತೀನಿ, ಯಾರಿಗೂ ಕಾಣಂಗಿಲ್ಲ. ಎತ್ರಿ ಸೊಸೀನ್ನ."

ಮುದುಕಿ ಎದ್ದು ತಾನೇ ಸೊಸೆಯ ಕುಪ್ಪಸದ ಗುಂಡಿ ಬಿಚ್ಚಿದಳು. ನಾನು ಒಂದು ವಾರ ಹೇಳಿದ್ದರೂ ಆಗದ ಕೆಲಸ ಒಂದು ನಿಮಿಷದಲ್ಲಿ ಆಯಿತು. ಆ ಕೂಸು ಸಾಯಬಹುದಾಗಿದ್ದ ಹೊತ್ತಿನಲ್ಲಿ, ಅದಕ್ಕೆ ಕಾರಣಳಾದ ನಾನು, ನಳಿಗೆ ಹಿಡಿದು ಕೂತುಕೊಂಡೇ ಆಕೆಯ ನಾಲಗೆಯನ್ನು ಕಂಡು ಉರಿದೆ.

ದಾರಿಯುದ್ದಕ್ಕೂ ತಾಯಿಯ ಎದೆಯ ಮೇಲಿದ್ದ ಕೂಸಿನ ಉಸಿರನ್ನು ನಾನು ಎಣಿಸುತ್ತಿದ್ದೆ. ಎರಡು ಸಲ ಅದು ನಿಂತಂತಾಯಿತು. ಎರಡು ಸಲವೂ ಆಕೆ ಬೆನ್ನನ್ನು ಬೆರಳಿನಿಂದ ಉಜ್ಜಿದಳು. ಎರಡು ಸಲವೂ ಮತ್ತೆ ಶುರುವಾಯಿತು. ಆದೋನಿಯ ಬೆಟ್ಟಗಳು ಕಾಣುವ ಹೊತ್ತಿಗೆ ಮೈ ಶಾಖ ಮೂವತ್ತಾರು ದಾಟಿತ್ತು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ಕೂಸು ಮುಖ ಕಿವುಚಿ, ಬೆಕ್ಕಿನ ಮರಿಯಷ್ಟು ಸಣ್ಣ ದನಿಯಲ್ಲಿ ಅತ್ತಿತು. ತಾಯಿ ಹೆದರಿ ನಮ್ಮನ್ನು ನೋಡಿದಳು. "ಅಳ್ಳಿ ಬಿಡವ್ವಾ, ಅಳ್ಳಿ" ಎಂದು ಆಕೆ ನಗುತ್ತಲೇ ಕಣ್ಣೊರೆಸಿಕೊಂಡಳು.

ಗುರುವಾರದ ಮೀಟಿಂಗಿನಲ್ಲಿ ವರದಿಯನ್ನು ವಾಪಸ್ ಪಡೆದೆ. ನನಗೆ ಮೆಮೋ ಬಂತು. ಆ ತಿಂಗಳು ನನ್ನ ವಾರ್ಡಿನಿಂದ ಮನೆಗೆ ಹೋದ ಪ್ರತಿಯೊಂದು ಕೂಸನ್ನೂ ಪುಸ್ತಕದಿಂದ ಹೆಕ್ಕಿ, ಕೆಂಪು ಶಾಯಿಯಲ್ಲಿ ತೂಕ ತಿದ್ದಿ, ಆಶಾ ಕಾರ್ಯಕರ್ತೆಯರ ಮೂಲಕ ಕರೆಸಿ ತೂಗಿದೆವು. ಮದ್ದಿಕೇರದಿಂದ ಬಂದ ಒಂದನ್ನು ಮತ್ತೆ ಸೇರಿಸಿಕೊಂಡೆವು, ಉಳಿದವು ಚೆನ್ನಾಗಿದ್ದವು. ಸೋಮವಾರದ ಪರೀಕ್ಷೆಯನ್ನು, ಎರಡೂ ಯಂತ್ರಗಳದ್ದನ್ನು, ಆಕೆಗೆ ವಹಿಸಿದರು. ಈಗ ಪ್ರತಿ ಸೋಮವಾರ ಆಕೆ ನನ್ನ ವಾರ್ಡಿಗೆ ಬಂದು ನನ್ನ ಯಂತ್ರದ ಮೇಲೆ ಬಟ್ಟು ಇಟ್ಟು ನೋಡಿ ಸಹಿ ಹಾಕುತ್ತಾಳೆ. ನಾನು ಪಕ್ಕದಲ್ಲಿ ನಿಲ್ಲುತ್ತೇನೆ.

ಕ್ಷಮೆ ಕೇಳಿದ್ದೆ. ಒಬ್ಬಳೇ ಇದ್ದಾಗ ಹೋಗಿ, "ನಿನ್ನ ಮ್ಯಾಲೆ ಹೊಟ್ಟಿಕಿಚ್ಚಿತ್ತವ್ವಾ ನನಗ. ಅದಕ್ಕ ಇಷ್ಟೆಲ್ಲ ಆತು" ಎಂದೆ. ಆಕೆ ಒಳಲೆಗಳನ್ನು ಕುದಿಯುವ ನೀರಿನಿಂದ ತೆಗೆಯುತ್ತಿದ್ದಳು. ಕೊನೆಯದನ್ನೂ ತೆಗೆದಿಟ್ಟು ಹೇಳಿದಳು: "ನನ್ನ ಮ್ಯಾಲೆ ಏನಾರ ಇರ್ಲಕ್ಕಾ. ಆ ಕೂಸಿನ್ನ ನನ್ನ ಕೋಣಿಗೆ ಕಳಿಸಿದ್ರ ಸಾಕಾಗಿತ್ತು." ಮೆಮೋ ಓದಿದಾಗ ಬಾರದ ಕಣ್ಣೀರು ಆಗ ಬಂತು. ಅಕ್ಕಾ ಎಂದು ಮತ್ತೆ ಕರೆದಿದ್ದಳು ಎಂಬುದು ಮನೆಗೆ ಹೋದ ಮೇಲೆ ಹೊಳೆಯಿತು.

ನಾಗಲದಿನ್ನೆಯ ಕೂಸು ಹದಿನೇಳು ದಿನ ಆ ಕೋಣೆಯಲ್ಲಿತ್ತು. ಹೊರಡುವ ದಿನ ಸರಿಯಾದ ಯಂತ್ರದಲ್ಲಿ ಒಂದು ಸಾವಿರದ ಒಂಬೈನೂರರ ಹತ್ತಿರ ತೂಗಿತು. ಅಪ್ಪ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಅತ್ತೆ ಎಲ್ಲರಿಗೂ ಸಕ್ಕರೆ ಹಂಚಿದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಫೋಟೋ ತೆಗೆಸಿಕೊಳ್ಳಬೇಕು ಎಂದರು. ಕೂಸನ್ನು ಆಕೆಯ ಕೈಗೆ ಕೊಟ್ಟು, ಗಂಡ, ಹೆಂಡತಿ, ಮುದುಕಿ ಸುತ್ತ ನಿಂತರು. ಅಪ್ಪ ಫೋನನ್ನು ನನ್ನ ಕೈಗೆ ಕೊಟ್ಟ. "ನೀವು ತೆಗೀರಿ ಸಿಸ್ಟರಮ್ಮ" ಎಂದ.

ತೆಗೆದೆ. ನೋಡಿದರೆ ಎಲ್ಲರೂ ಚೆನ್ನಾಗಿ ಬಂದಿದ್ದರು. ಕೂಸು ಕೂಡ. ಆಕೆ ಮಾತ್ರ ಕಣ್ಣು ಮುಚ್ಚಿದ್ದಳು, ಬಾಯಿ ಅರ್ಧ ತೆರೆದಿತ್ತು. ಫೋನು ಹಿಂದಕ್ಕೆ ಕೊಡಲು ಕೈ ಮುಂದೆ ಹೋಯಿತು. ಅವರಿಗೆ ಗೊತ್ತಾಗುತ್ತಿರಲಿಲ್ಲ, ಮನೆಯ ಗೋಡೆಯ ಮೇಲೆ ಆಕೆ ಹಾಗೆಯೇ ಇರುತ್ತಿದ್ದಳು.

"ನಿಂದರ್ರಿ" ಎಂದೆ. "ಇನ್ನೊಂದು ತೆಗೀತೀನಿ. ಏನವ್ವಾ, ಕಣ್ಣು ತೆಗಿ."